ಚರ್ವಣೆ ಮತ್ತು ಚರ್ವಿತಚರ್ವಣ: ವಿಡಿಯೋ ಆಟಗಳ ವಿಮರ್ಶೆಯಲ್ಲಿ ಮೂರು ಹಳೆಯ ವಾದಗಳು

ನಮ್ಮ ಅಲಂಕಾರಶಾಸ್ತ್ರದಲ್ಲಿ 'ಚರ್ವಣೆ' ಎಂಬ ಮಾತಿಗೆ ಗೌರವದ ಸ್ಥಾನವುಂಟು. ಸಹೃದಯನು ರಸವನ್ನು ಆಸ್ವಾದಿಸುವ ವ್ಯಾಪಾರವನ್ನು ಅಭಿನವಗುಪ್ತನು ಈ ಮಾತಿನಿಂದ ಸೂಚಿಸಿದ್ದಾನೆ. ಅದೇ ಧಾತುವಿನಿಂದ ಬಂದ ಇನ್ನೊಂದು ಮಾತು 'ಚರ್ವಿತಚರ್ವಣ'. ಅಗಿದುದನ್ನೇ ಮತ್ತೆ ಅಗಿಯುವುದು ಎಂದು ಅದರ ಅರ್ಥ. ಅದು ನಿಂದೆಯ ಮಾತು. ಎರಡರಲ್ಲಿಯೂ ದವಡೆಯ ಕೆಲಸ ಒಂದೇ. ಭೇದವಿರುವುದು ಬಾಯಲ್ಲಿ ಸಾರವುಳ್ಳ ಪದಾರ್ಥವಿದೆಯೋ ಇಲ್ಲವೋ ಎಂಬುದರಲ್ಲಿ. ವಿಮರ್ಶೆಯ ವಿಷಯದಲ್ಲಿಯೂ ಈ ಭೇದವನ್ನು ಗಮನದಲ್ಲಿಡುವುದು ಒಳ್ಳೆಯದು. ಕೃತಿಯನ್ನು ಎದುರಿಗಿಟ್ಟುಕೊಂಡು ಆಡಿದ ಮಾತು, ತಪ್ಪಾಗಿದ್ದರೂ, ಚರ್ವಣೆಯ ಕಡೆಗೆ ಸೇರುತ್ತದೆ. ಕೃತಿಯನ್ನು ಬಿಟ್ಟು ಹಿಂದಿನವರ ಅಭಿಪ್ರಾಯಗಳನ್ನಷ್ಟೇ ಎದುರಿಗಿಟ್ಟುಕೊಂಡು ಆಡಿದ ಮಾತು, ಸರಿಯಾಗಿದ್ದರೂ, ಚರ್ವಿತಚರ್ವಣವೇ ಆಗುತ್ತದೆ.

ಪ್ರಸ್ತುತ ಲೇಖನದ ವಿಷಯ ವಿಡಿಯೋ ಆಟಗಳನ್ನು ಕುರಿತು ನಡೆದಿರುವ ವಿಮರ್ಶೆ. ಸಾಹಿತ್ಯವಿಭಾಗದ ಸಂಚಿಕೆಯಲ್ಲಿ ಇದಕ್ಕೆ ಎಡೆಯುಂಟೆ ಎಂದು ಕೆಲವರು ಕೇಳಬಹುದು. ಇದನ್ನು ಬರೆಯಬೇಕಾಗಿ ಬಂದ ಸಂದರ್ಭವನ್ನು ತಿಳಿಸಿದರೆ ಆ ಪ್ರಶ್ನೆಗೂ ಉತ್ತರ ದೊರೆತೀತು. ಕಳೆದ ವರ್ಷ ನಮ್ಮ ವಿಚಾರಗೋಷ್ಠಿಯೊಂದರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು 'ಪೇಪರ್ಸ್, ಪ್ಲೀಸ್' ಎಂಬ ಆಟವನ್ನು ಕುರಿತು ಪ್ರಬಂಧವನ್ನು ಓದಿದನು. ಓದಿ ಮುಗಿಸಿದೊಡನೆ ಅಧ್ಯಾಪಕರೊಬ್ಬರು, ಆಟವು ಕಲೆಯೆನಿಸಬಲ್ಲುದೆ ಎಂಬ ಪ್ರಶ್ನೆಯನ್ನೆತ್ತಿದರು. ಇದರಲ್ಲಿ ಮುಖ್ಯವಾದುದು ಕಥೆಯೋ ಆಟವೋ ಎಂದು ಇನ್ನೊಬ್ಬರು ಕೇಳಿದರು. ಚರ್ಚೆ ಒಂದು ಗಂಟೆಯ ಕಾಲ ನಡೆಯಿತು. ಅದರಲ್ಲಿ ಉತ್ಸಾಹದಿಂದ ಭಾಗವಹಿಸಿದವರಲ್ಲಿ ನಾನೂ ಒಬ್ಬ. ಆ ಆಟವನ್ನು ಆಡಿದ್ದವನು ಆ ಕೋಣೆಯಲ್ಲಿ ಪ್ರಬಂಧಕಾರನೊಬ್ಬನೇ. ಅವನನ್ನು ಆಟದ ವಿಷಯವಾಗಿ ನಾವು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನು ತನ್ನ ಕಾಗದಗಳನ್ನು ಮಡಿಸಿಕೊಂಡು ಹೋಗಿ ಕುಳಿತಾಗ ನನಗೆ ನಾಚಿಕೆಯಾಯಿತು. ಈ ಲೇಖನ ಆ ನಾಚಿಕೆಯಿಂದ ಹುಟ್ಟಿದುದು.

ಅಂದು ನಾವು ಆಡಿದ ಮಾತುಗಳಲ್ಲಿ ಹೊಸತಾದುದು ಯಾವುದೂ ಇರಲಿಲ್ಲವೆಂಬುದು ಅನಂತರ ತಿಳಿಯಿತು. ಈ ಆಟಗಳ ಪ್ರಿಯರಲ್ಲಿಯೂ ವಿದ್ವಾಂಸರಲ್ಲಿಯೂ ಕೆಲವು ವಾದಗಳು ಹತ್ತಾರು ವರ್ಷಗಳಿಂದ ಹಾಗೆಯೇ ತಿರುಗುತ್ತಿವೆ. ಉದಾಹರಣೆಗಳು ಬದಲಾಗುತ್ತವೆ, ವಾದಗಳು ಬದಲಾಗುವುದಿಲ್ಲ. ಆಟಗಳಿಂದ ಹಿಂಸಾಪ್ರವೃತ್ತಿ ಬೆಳೆಯುತ್ತದೆಯೆಂಬ ಆಕ್ಷೇಪ ಅಮೆರಿಕದಲ್ಲಿ ೧೯೭೬ರ 'ಡೆತ್ ರೇಸ್' ಎಂಬ ಆಟದ ಕಾಲಕ್ಕೇ ಕೇಳಿಬಂದಿತು. ೧೯೯೩ರಲ್ಲಿ ಅಲ್ಲಿನ ಸೆನೆಟ್ ಸಭೆಯ ವಿಚಾರಣೆಯಲ್ಲಿ ಅದೇ ಆಕ್ಷೇಪ ಮತ್ತೆ ಕೇಳಿಬಂದಿತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪುಸ್ತಕ ನಾಟಕ ಚಲನಚಿತ್ರಗಳಂತೆ ಆಟಗಳಿಗೂ ವಾಕ್‌ಸ್ವಾತಂತ್ರ್ಯದ ರಕ್ಷಣೆಯುಂಟೆಂದು ತೀರ್ಪಿತ್ತ ಮೇಲೆಯೂ ಆ ಮಾತು ನಿಂತಿಲ್ಲ. ಇಂಥ ವಾದಗಳೆಲ್ಲವನ್ನೂ ಇಲ್ಲಿ ಪರಿಶೀಲಿಸುವುದು ಸಾಧ್ಯವಿಲ್ಲ. ವಿಮರ್ಶೆಗೆ ನೇರವಾಗಿ ಸಂಬಂಧಪಟ್ಟ ಮೂರನ್ನು ಮಾತ್ರ ಎತ್ತಿಕೊಳ್ಳುತ್ತೇನೆ: ಆಟವು ಕಲೆಯೇ ಅಲ್ಲವೇ, ಅದರಲ್ಲಿ ಕಥೆ ಪ್ರಧಾನವೋ ನಿಯಮ ಪ್ರಧಾನವೋ, ಕಠಿನವಾದ ಆಟವನ್ನು ಸುಲಭಗೊಳಿಸುವುದು ಉಚಿತವೋ ಅನುಚಿತವೋ.

೧

ಮೊದಲನೆಯ ವಾದಕ್ಕೆ ಪ್ರಸಿದ್ಧಿ ತಂದವರು ಷಿಕಾಗೋ ನಗರದ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್. ೧೯೬೭ರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದು, ೧೯೭೫ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆದ ಇವರು, ೨೦೦೫ರಲ್ಲಿ ಓದುಗರೊಬ್ಬರಿಗೆ ಉತ್ತರ ಕೊಡುತ್ತ, ಆಟಗಳು ಸ್ವಭಾವತಃ ಸಾಹಿತ್ಯಕ್ಕೂ ಚಲನಚಿತ್ರಕ್ಕೂ ಕೆಳಗಿನವು ಎಂದರು. ಗಂಭೀರವಾದ ಕೃತಿಯಲ್ಲಿ ಎಲ್ಲವೂ ಕರ್ತೃವಿನ ಅಧೀನದಲ್ಲಿರಬೇಕು. ಆಟವಾದರೋ ಆಡುವವನ ಆಯ್ಕೆಯಿಂದ ನಡೆಯತಕ್ಕದ್ದು. ಆದುದರಿಂದ ಎರಡಕ್ಕೂ ಹೊಂದಿಕೆಯಿಲ್ಲ ಎಂಬುದು ಅವರ ಹೇತು. ಆಟಗಳ ರಚನಕಾರ್ತಿಯಾದ ಕೆಲೀ ಸ್ಯಾಂಟಿಯಾಗೋ ಅವರು ಭಾಷಣವೊಂದರಲ್ಲಿ ಇದಕ್ಕೆ ಪ್ರತ್ಯುತ್ತರ ಕೊಟ್ಟಾಗ, ೨೦೧೦ರ ಏಪ್ರಿಲ್‌ನಲ್ಲಿ ಈಬರ್ಟ್ ಅವರು ಆಟಗಳು ಎಂದಿಗೂ ಕಲೆಯಾಗಲಾರವೆಂದು ಮತ್ತೊಮ್ಮೆ ಬರೆದರು. ಅದನ್ನು ಖಂಡಿಸಿ ಸಾವಿರಾರು ಓದುಗರು ಬರೆದರು. ಆ ವರ್ಷದ ಜುಲೈನಲ್ಲಿ ಅವರು ತಮ್ಮ ಅಭಿಪ್ರಾಯವನ್ನು ಬಿಡಲಿಲ್ಲವಾದರೂ, ಆಟಗಳ ಪರಿಚಯವಿಲ್ಲದೆ ಅವುಗಳನ್ನು ಕುರಿತು ಅಭಿಪ್ರಾಯ ಕೊಡಬಾರದಾಗಿತ್ತೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಈ ಪ್ರಸಂಗದಲ್ಲಿ ಜನ ನೆನಪಿಟ್ಟುಕೊಂಡಿರುವುದು ಮೊದಲಿನ ಘೋಷಣೆಯನ್ನು. ಮರೆತಿರುವುದು ಎರಡು ಸಂಗತಿಗಳನ್ನು. ಒಂದು, ಮೇಲೆ ಹೇಳಿದ ತಪ್ಪೊಪ್ಪಿಗೆ. ಇನ್ನೊಂದು, ಇದೇ ಈಬರ್ಟ್ ಅವರು ೧೯೯೪ರಲ್ಲಿ 'ವೈರ್ಡ್' ಪತ್ರಿಕೆಯಲ್ಲಿ 'ಕಾಸ್ಮಾಲಜಿ ಆಫ್ ಕ್ಯೋಟೋ' ಎಂಬ ಜಪಾನೀ ಆಟವನ್ನು ಮೆಚ್ಚಿ ಬರೆದಿದ್ದರು. ಆ ಆಟದಲ್ಲಿ ಆಡುವವನು ಪ್ರಾಚೀನ ಕ್ಯೋಟೋ ನಗರದ ಬೀದಿಗಳಲ್ಲಿ ಅಲೆಯುತ್ತಾನೆ, ಸಾಯುತ್ತಾನೆ, ನರಕವನ್ನು ಕಾಣುತ್ತಾನೆ, ಕರ್ಮಾನುಸಾರವಾಗಿ ಮತ್ತೆ ಹುಟ್ಟುತ್ತಾನೆ. ಒಂದು ಆಟವನ್ನು ಎದುರಿಗಿಟ್ಟುಕೊಂಡಿದ್ದಾಗ ವಿಮರ್ಶಕನಾಗಿದ್ದವರು, ಆಟವೆಂಬ ಜಾತಿಯನ್ನು ಎದುರಿಗಿಟ್ಟುಕೊಂಡಾಗ ತೀರ್ಪುಗಾರರಾದರು. ಅವರನ್ನು ಖಂಡಿಸಿದವರು ಮಾಡಿದುದೂ ಇದನ್ನೇ. ಖಂಡನೆಗಳಲ್ಲಿ ಬಹುಪಾಲು ಆಟಗಳ ಹೆಸರುಗಳ ಪಟ್ಟಿಗಳಾಗಿದ್ದುವು. ಪಟ್ಟಿಯು ವಿಮರ್ಶೆಯಲ್ಲ.

ಈಬರ್ಟ್ ಅವರ ಹೇತುವನ್ನು ಅದರ ಬಲದೊಡನೆ ಎದುರಿಸಿದವರು ಕಡಮೆ. ಪೂರ್ವಪಕ್ಷವನ್ನು ಪೂರ್ವಪಕ್ಷದವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಸಿದ್ಧಾಂತಕ್ಕೆ ಬರುವುದು ನಮ್ಮ ಶಾಸ್ತ್ರಕಾರರ ಪದ್ಧತಿ. ಆ ರೀತಿಯಲ್ಲಿ ನೋಡಿದರೆ ಪ್ರಶ್ನೆ ಹೀಗಾಗುತ್ತದೆ: ಪ್ರಯೋಗದಲ್ಲಿ ಪಾಲುಗೊಳ್ಳುವವನಿಗೆ ಸ್ವಾತಂತ್ರ್ಯವಿದ್ದರೆ ಕೃತಿಯ ಏಕತೆ ಕೆಡುತ್ತದೆಯೆ? ನಮ್ಮ ತಾಳಮದ್ದಲೆಯನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ಪ್ರಸಂಗದ ಪದ್ಯಗಳು ಸ್ಥಿರ. ಅರ್ಥಧಾರಿಯ ಮಾತು ಆ ಹೊತ್ತಿನದು. ಕೃಷ್ಣಸಂಧಾನ ಇಂದು ನಡೆದಂತೆ ನಾಳೆ ನಡೆಯುವುದಿಲ್ಲ. ಆದರೂ ಸಂಧಾನ ಮುರಿಯದೆ ಇರುವುದಿಲ್ಲ. ಆಡುವವನ ಸ್ವಾತಂತ್ರ್ಯಕ್ಕೆ ಎಲ್ಲೆಯನ್ನು ಕಟ್ಟುವುದೂ ಕರ್ತೃತ್ವದ ಒಂದು ಬಗೆ. ಹೀಗೆಂದ ಮಾತ್ರಕ್ಕೆ ವ್ಯಾಜ್ಯ ಮುಗಿಯಲಿಲ್ಲ. ಅರ್ಥಧಾರಿ ಪ್ರಯೋಗಿಸುವವನು, ಪ್ರೇಕ್ಷಕನು ಬೇರೆ. ಆಟದಲ್ಲಾದರೋ ಪ್ರಯೋಗಿಸುವವನೇ ಪ್ರೇಕ್ಷಕ. ನಿಜವಾಗಿ ಯೋಚಿಸತಕ್ಕ ಅಂಶ ಇದು. ಕಲೆಯೇ ಅಲ್ಲವೇ ಎಂದು ಕೂಗಾಡಿದವರು ಈ ಅಂಶದವರೆಗೆ ಬರಲೇ ಇಲ್ಲ.

ಆಟವೂ ಕಾವ್ಯವೂ ಒಂದೆಡೆ ಸೇರುವುದು ನಮ್ಮ ಶಾಸ್ತ್ರಕಾರರು ಕಾಣದ ಸಂಗತಿಯಲ್ಲ. ೯ನೆಯ ಶತಮಾನದ ಕಾಶ್ಮೀರದ ರುದ್ರಟನು ತನ್ನ 'ಕಾವ್ಯಾಲಂಕಾರ'ದಲ್ಲಿ ಚದುರಂಗದ ಕುದುರೆಯ ನಡೆಯನ್ನನುಸರಿಸಿ ಓದಬಹುದಾದ ತುರಗಪದಬಂಧವನ್ನು ನಿರೂಪಿಸಿದ್ದಾನೆ. ಅದೇ ಶತಮಾನದ, ಅದೇ ದೇಶದ ಆನಂದವರ್ಧನನು ಇಂಥ ಚಿತ್ರಕಾವ್ಯವನ್ನು ಕಾವ್ಯದ ಅನುಕರಣವೆಂದು ಮಾತ್ರ ಎಣಿಸಿದನು. ಇಲ್ಲಿ ಗಮನಿಸಬೇಕಾದುದು ಆತನ ತೀರ್ಪಿಗಿಂತ ಹೆಚ್ಚಾಗಿ ಆತನ ಮಾನದಂಡವನ್ನು. ಇದರಲ್ಲಿ ಆಟವಿದೆ, ಆದುದರಿಂದ ಇದು ಕಾವ್ಯವಲ್ಲ ಎಂದು ಆತನು ಹೇಳಲಿಲ್ಲ. ರಸಭಾವಗಳ ವಿವಕ್ಷೆ ಇಲ್ಲಿ ಇದೆಯೆ ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಪದ್ಯವನ್ನು ಓದಲೇಬೇಕು. ೨೦೧೨ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 'ಪ್ಯಾಕ್‌ಮ್ಯಾನ್', 'ಟೆಟ್ರಿಸ್' ಮೊದಲಾದ ೧೪ ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಹಳೆಯ ವಾದ ಮತ್ತೆ ಹೊತ್ತಿಕೊಂಡಿತು. ಸಂಗ್ರಹಾಲಯವು ಅವುಗಳನ್ನು ಸೇರಿಸಿಕೊಂಡುದು ವಾಸ್ತುಶಿಲ್ಪ ಮತ್ತು ವಿನ್ಯಾಸದ ವಿಭಾಗಕ್ಕೆ ಎಂಬುದನ್ನು ವಾದಿಗಳಲ್ಲಿ ಹಲವರು ಗಮನಿಸಲಿಲ್ಲ. ಅವರಿಗೆ ಬೇಕಾಗಿದ್ದುದು ಒಂದು ಮುದ್ರೆ.

ಈ ಮುದ್ರೆಯ ಹಂಬಲವನ್ನು ನಾವು ಹಾಸ್ಯಮಾಡಬಾರದು. ತಾನು ಪ್ರೀತಿಸಿದ ವಸ್ತುವನ್ನು ಹಿರಿಯರು ಹುಡುಗಾಟವೆಂದು ತಳ್ಳಿಹಾಕಿದಾಗ ಆದ ನೋವು ಅದರ ಹಿಂದೆ ಇದೆ. ಆದರೆ ನೋವನ್ನು ಹೇಳಿಕೊಳ್ಳುವುದು ಬೇರೆ, ಕೃತಿಯನ್ನು ಬೆಲೆಗಟ್ಟುವುದು ಬೇರೆ.

೨

ಎರಡನೆಯ ವಾದ ನಡೆದುದು ವಿಶ್ವವಿದ್ಯಾನಿಲಯಗಳಲ್ಲಿ. ಆದುದರಿಂದ ಇದರ ಹೊಣೆಯನ್ನು ನಾವು ಪತ್ರಿಕೆಗಳ ಮೇಲಾಗಲಿ ಹುಡುಗರ ಮೇಲಾಗಲಿ ಹೊರಿಸುವಂತಿಲ್ಲ. ೧೯೯೭ರಲ್ಲಿ ಎರಡು ಗ್ರಂಥಗಳು ಹೊರಬಂದುವು: ಜ್ಯಾನೆಟ್ ಮರೇ ಅವರ 'ಹ್ಯಾಮ್ಲೆಟ್ ಆನ್ ದಿ ಹಾಲೋಡೆಕ್', ನಾರ್ವೆಯ ಎಸ್ಪೆನ್ ಆರ್ಸೆತ್ ಅವರ 'ಸೈಬರ್‌ಟೆಕ್ಸ್ಟ್'. ಮೊದಲನೆಯದು ಗಣಕಯಂತ್ರದಲ್ಲಿ ಕಥನಕಲೆಯ ಹೊಸ ಸಾಧ್ಯತೆಗಳನ್ನು ಕಂಡಿತು. ಎರಡನೆಯದು ಓದುಗನ ಶ್ರಮದಿಂದಲೇ ರೂಪುಗೊಳ್ಳುವ ಪಠ್ಯಗಳಿಗೆ ಬೇರೆಯೇ ಆದ ಲಕ್ಷಣಶಾಸ್ತ್ರ ಬೇಕೆಂದಿತು. ಉರುಗ್ವೆಯ ಗೊನ್ಜಾಲೋ ಫ್ರಾಸ್ಕಾ ಅವರು ೧೯೯೯ರಲ್ಲಿ ಲೇಖನವೊಂದರಲ್ಲಿ ಆಟಗಳ ಶಾಸ್ತ್ರಕ್ಕೆ 'ಲೂಡಾಲಜಿ' ಎಂಬ ಹೆಸರನ್ನು ಮುಂದಿಟ್ಟರು. ೨೦೦೧ರಲ್ಲಿ ಆರ್ಸೆತ್ ಅವರ ಸಂಪಾದಕತ್ವದಲ್ಲಿ 'ಗೇಮ್ ಸ್ಟಡೀಸ್' ಎಂಬ ಪತ್ರಿಕೆ ಹೊರಟಿತು. ಅಲ್ಲಿಂದ ಕ್ರೀಡಾಪಕ್ಷ, ಕಥನಪಕ್ಷ ಎಂಬ ಎರಡು ಪಕ್ಷಗಳ ಮಾತು ಬೆಳೆಯಿತು.

ಈ ವಾದದ ಸ್ವರೂಪವನ್ನು ತಿಳಿಯಲು 'ಟೆಟ್ರಿಸ್' ಆಟದ ಉದಾಹರಣೆಯೊಂದೇ ಸಾಕು. ಮೇಲಿನಿಂದ ಇಳಿಯುವ ತುಂಡುಗಳನ್ನು ತಿರುಗಿಸಿ, ಕೆಳಗೆ ಸಂದಿಲ್ಲದಂತೆ ಜೋಡಿಸುವುದು ಆಟ. ಸಾಲು ತುಂಬಿದರೆ ಅಳಿಸಿಹೋಗುತ್ತದೆ. ಮರೇ ಅವರು ಇದರಲ್ಲಿ ೧೯೯೦ರ ದಶಕದ ಅಮೆರಿಕನರ ಬಿಡುವಿಲ್ಲದ ದುಡಿಮೆಯ ಬಾಳಿನ ಅಭಿನಯವನ್ನು ಕಂಡರು. ಕ್ರೀಡಾಪಕ್ಷದ ಮಾರ್ಕು ಎಸ್ಕೆಲಿನೆನ್ ಅವರು 'ಗೇಮ್ ಸ್ಟಡೀಸ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿಯೇ ಇದನ್ನು ಕಟುವಾಗಿ ಖಂಡಿಸಿ, ಆಟದ ನಿಯಮಗಳನ್ನು ಬಿಟ್ಟು ಇಲ್ಲದ ಕಥೆಯನ್ನು ಅದರ ಮೇಲೆ ಹೇರಲಾಗಿದೆಯೆಂದರು. ಖಂಡನೆಯಲ್ಲಿ ಹುರುಳಿಲ್ಲದಿಲ್ಲ. ಆ ಆಟವನ್ನು ೧೯೮೪ರಲ್ಲಿ ರಚಿಸಿದ ಅಲೆಕ್ಸಿ ಪಾಜಿತ್ನೋವ್ ಮಾಸ್ಕೋದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದವರು. ಅಮೆರಿಕದ ಕಛೇರಿಗಳ ಬಾಳು ಅವರಿಗೆ ವಸ್ತುವಾಗಿರಲಿಲ್ಲ. ಆದರೂ ಮರೇ ಅವರ ಮಾತನ್ನು ಪೂರ್ತಿಯಾಗಿ ತಳ್ಳಿಬಿಡುವುದು ಸಲ್ಲದು. ಗೆಲುವೆಂಬುದೇ ಇಲ್ಲದ, ಚೆನ್ನಾಗಿ ಮಾಡಿದ ಕೆಲಸ ಕಣ್ಣೆದುರಿಗೇ ಅಳಿಸಿಹೋಗಿ ತಪ್ಪುಗಳು ಮಾತ್ರ ರಾಶಿಬೀಳುವ ಒಂದು ವ್ಯವಸ್ಥೆ ಆಡುವವನ ಮನಸ್ಸಿನಲ್ಲಿ ಏನನ್ನೋ ಧ್ವನಿಸುತ್ತದೆ. ಹಾಗೆ ಧ್ವನಿಸುವುದು ಕಥೆಯಿಂದಲ್ಲ, ನಿಯಮದಿಂದ. ಒಂದು ಪಕ್ಷಕ್ಕೆ ಧ್ವನಿ ಕೇಳಿಸಿತು, ಅದು ಎಲ್ಲಿಂದ ಬಂತೆಂಬುದು ಕಾಣಲಿಲ್ಲ. ಇನ್ನೊಂದು ಪಕ್ಷ ನಿಯಮವನ್ನು ಕಂಡಿತು, ಅದು ಧ್ವನಿಸಬಲ್ಲುದೆಂಬುದನ್ನು ಒಪ್ಪಲಿಲ್ಲ.

ಮುಂದಿನ ಕಥೆ ಸ್ವಾರಸ್ಯವಾಗಿದೆ. ೨೦೦೩ರಲ್ಲಿ ಫ್ರಾಸ್ಕಾ ಅವರು, ಕ್ರೀಡಾಪಕ್ಷದವರೂ ಕಥೆಗಳನ್ನು ಪ್ರೀತಿಸುತ್ತಾರೆ, ಇಂಥದೊಂದು ವಾದ ನಡೆದುದೇ ಇಲ್ಲ ಎಂದು ಬರೆದರು. ೨೦೦೫ರಲ್ಲಿ ಮರೇ ಅವರು ಈ ವಿಷಯದಲ್ಲಿ ಕೊನೆಯ ಮಾತೆಂದು ಭಾಷಣಮಾಡಿದರು. ಕೊನೆಯ ಮಾತು ಮುಗಿದು ಎರಡು ದಶಕಗಳಾದ ಮೇಲೆಯೂ ನಮ್ಮ ಗೋಷ್ಠಿಯಲ್ಲಿ, ಆ ಹೆಸರುಗಳಾವುವೂ ತಿಳಿಯದೆ, ನಾವು ಅದನ್ನೇ ಮೊದಲ ಮಾತಾಗಿ ಎತ್ತಿದೆವು.

೩

ಮೂರನೆಯ ವಾದ ಈಚಿನದು, ಆದರೆ ಬಹು ಬೇಗನೆ ಸವೆದದ್ದು. ಹಿದೆಟಾಕಾ ಮಿಯಾಜಾಕಿ ಅವರ ನಿರ್ದೇಶನದ 'ಡಾರ್ಕ್ ಸೋಲ್ಸ್' (೨೦೧೧) ತನ್ನ ಕಾಠಿನ್ಯಕ್ಕೆ ಹೆಸರಾಯಿತು. ಅದೇ ಸಂಸ್ಥೆಯ 'ಸೆಕಿರೋ' ೨೦೧೯ರಲ್ಲಿ ಹೊರಬಂದಾಗ, ಅದರಲ್ಲಿ ಸುಲಭಮಾರ್ಗವೊಂದು ಇರಬೇಕಾಗಿತ್ತೆಂದು ಕೆಲವರೂ, ಹಾಗೆ ಮಾಡಿದರೆ ಕರ್ತೃವಿನ ಉದ್ದೇಶಕ್ಕೆ ದ್ರೋಹವೆಂದು ಕೆಲವರೂ ವಾದಿಸಿದರು. ಅಲ್ಲಿಂದೀಚೆಗೆ ಇಂಥ ಆಟ ಬಂದಾಗಲೆಲ್ಲ ಇದೇ ಎರಡು ಪಾಠಗಳು ಒಪ್ಪಿಸಲ್ಪಡುತ್ತವೆ.

ಕಾಠಿನ್ಯಕ್ಕೆ ಅರ್ಥವಿರಬಹುದೆಂಬುದು ನಿಜ. 'ಡಾರ್ಕ್ ಸೋಲ್ಸ್' ಆಟದಲ್ಲಿ ಸತ್ತವನು ತಾನು ಕೂಡಿಸಿದ್ದನ್ನೆಲ್ಲ ಸತ್ತ ಸ್ಥಳದಲ್ಲಿಯೇ ಕಳೆದುಕೊಳ್ಳುತ್ತಾನೆ. ಮತ್ತೆ ಅಲ್ಲಿಯವರೆಗೆ ಹೋಗಿ ಅದನ್ನು ಪಡೆಯಬಹುದು. ದಾರಿಯಲ್ಲಿ ಮತ್ತೆ ಸತ್ತರೆ ಅದು ಶಾಶ್ವತವಾಗಿ ಹೋಯಿತು. ನಾಶವಾಗುತ್ತಿರುವ ಲೋಕವೊಂದರಲ್ಲಿ ಎದ್ದು ನಡೆಯುವುದೇ ಆ ಆಟದ ಭಾವ; ಅದನ್ನು ಈ ನಿಯಮ ಮೈಗೆ ಹತ್ತಿಸುತ್ತದೆ. ಆದರೆ ಕಾಠಿನ್ಯವೆಂಬುದು ಕೃತಿಯೊಳಗೆ ಅಳತೆಮಾಡಿಟ್ಟ ಗುಣವಲ್ಲ. ಅದು ಕೃತಿಗೂ ಆಡುವವನ ಕಣ್ಣು ಕಿವಿ ಬೆರಳುಗಳಿಗೂ ಇರುವ ಸಂಬಂಧ. ಬೆರಳು ನಡುಗುವವನಿಗೂ ಇಪ್ಪತ್ತರ ಯುವಕನಿಗೂ ಒಂದೇ ವೇಗವನ್ನು ಗೊತ್ತುಮಾಡಿದರೆ ಇಬ್ಬರಿಗೂ ಒಂದೇ ಅನುಭವವನ್ನು ಕೊಟ್ಟಂತಾಗುವುದಿಲ್ಲ. ೨೦೧೮ರ 'ಸೆಲೆಸ್ಟ್' ಎಂಬ ಆಟ ಇದನ್ನು ಅರಿತಿದೆ. ಮನಸ್ಸಿನ ತಳಮಳದಿಂದ ಬಳಲುವ ತರುಣಿಯೊಬ್ಬಳು ಪರ್ವತವನ್ನು ಹತ್ತುವುದು ಅದರ ವಸ್ತು. ಹತ್ತುವುದು ಬಹು ಕಷ್ಟ. ಆದರೂ ಬೇಕೆಂದವರು ಆಟದ ವೇಗವನ್ನು ತಗ್ಗಿಸಿಕೊಳ್ಳಬಹುದು, ಬಳಲಿಕೆಯಿಲ್ಲದಂತೆ ಮಾಡಿಕೊಳ್ಳಬಹುದು. ೨೦೨೦ರ 'ದಿ ಲಾಸ್ಟ್ ಆಫ್ ಅಸ್' ಎರಡನೆಯ ಭಾಗದಲ್ಲಿ ಇಂಥ ೬೦ಕ್ಕೂ ಹೆಚ್ಚು ಅನುಕೂಲಗಳಿದ್ದು, ಕುರುಡರೂ ಅದನ್ನು ಕೊನೆಯವರೆಗೆ ಆಡಿದ್ದಾರೆ.

ಕನ್ನಡದ ಅಧ್ಯಾಪಕರಿಗೆ ಈ ವಾದದಲ್ಲಿ ದಿಗ್ಭ್ರಮೆಯಾಗಬೇಕಾದುದೇನೂ ಇಲ್ಲ. ಪಂಪಭಾರತವನ್ನು ಪದವಿಭಾಗ, ಅರ್ಥ, ಟಿಪ್ಪಣಿಗಳ ಸಹಾಯವಿಲ್ಲದೆ ಓದಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಡಿ. ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ'ಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದವನು ಪಂಪನನ್ನು ಓದಲಿಲ್ಲವೆಂದು ಯಾರೂ ಹೇಳುವುದಿಲ್ಲ. ದೀಪಿಕೆಯನ್ನು ಮಾತ್ರ ಓದಿ ಕಾವ್ಯವನ್ನು ಮುಚ್ಚಿಟ್ಟವನನ್ನು ಕುರಿತು ಹಾಗೆ ಹೇಳಬಹುದು. ಹಳಗನ್ನಡದ ಕಾಠಿನ್ಯದಲ್ಲಿ ಯಾವುದು ಕಾಲದೂರದಿಂದ ಬಂದುದು, ಯಾವುದು ಕವಿಯ ಬಿಗುವು ಎಂದು ನಾವು ತರಗತಿಯಲ್ಲಿ ದಿನವೂ ಬಿಡಿಸಿ ಹೇಳುತ್ತೇವೆ. ಆಟದ ವಿಷಯದಲ್ಲಿಯೂ ಕೇಳಬೇಕಾದುದು ಇದೇ: ಈ ಕೃತಿಯಲ್ಲಿ ಕಷ್ಟವು ಏನನ್ನು ಸಾಧಿಸುತ್ತದೆ, ಯಾರಿಗೆ ಬರಿಯ ಗೋಡೆಯಾಗುತ್ತದೆ?

೪

ಗೋಷ್ಠಿಯ ಬಳಿಕ ಆ ವಿದ್ಯಾರ್ಥಿಯ ಸಹಾಯದಿಂದ ನಾನು 'ಪೇಪರ್ಸ್, ಪ್ಲೀಸ್' ಆಟವನ್ನು ಆಡಿದೆನು. ಲ್ಯೂಕಸ್ ಪೋಪ್ ಅವರ ಈ ರಚನೆ ೨೦೧೩ರಲ್ಲಿ ಪ್ರಕಟವಾದುದು. ಕಾಲ ೧೯೮೨, ದೇಶ ಆರ್ಸ್ಟೋಟ್ಸ್ಕಾ ಎಂಬ ಕಲ್ಪಿತ ರಾಜ್ಯ. ಆಡುವವನು ಗಡಿಯ ಠಾಣೆಯೊಂದರಲ್ಲಿ ತಪಾಸಣೆಯ ಗುಮಾಸ್ತ. ಬಂದವರ ರಹದಾರಿ, ಅನುಮತಿಪತ್ರಗಳನ್ನು ಹೋಲಿಸಿ ನೋಡಿ, ಒಳಗೆ ಬಿಡುವ ಅಥವಾ ಹಿಂದಕ್ಕೆ ಕಳುಹಿಸುವ ಮುದ್ರೆಯನ್ನು ಒತ್ತಬೇಕು. ತಲೆಯೊಂದಕ್ಕೆ ಇಷ್ಟು ಎಂದು ಸಂಬಳ. ಸಂಜೆ ಆ ಹಣದಲ್ಲಿ ಬಾಡಿಗೆ ಕೊಟ್ಟು, ಮನೆಯವರ ಅನ್ನಕ್ಕೂ ಚಳಿಕಾಯಿಸುವುದಕ್ಕೂ ಒದಗಿಸಬೇಕು. ನಿಯಮಗಳು ದಿನದಿನಕ್ಕೆ ಹೆಚ್ಚುತ್ತವೆ. ತಪ್ಪುಮಾಡಿದರೆ ಮೇಜಿನ ಬದಿಯ ಯಂತ್ರದಿಂದ ಚೀಟಿಯೊಂದು ಹೊರಬರುತ್ತದೆ. ದಿನದ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆ ಮಾತ್ರ. ಮೂರನೆಯದರಿಂದ ಸಂಬಳದಲ್ಲಿ ಕಡಿತ.

ಒಂದು ದಿನ ಗಂಡನೊಬ್ಬನು ಬರುತ್ತಾನೆ. ಅವನ ಪತ್ರಗಳೆಲ್ಲ ಸರಿಯಾಗಿವೆ. ಹಿಂದೆ ತನ್ನ ಹೆಂಡತಿ ಬರುತ್ತಿದ್ದಾಳೆ, ದಯೆಯಿರಲಿ ಎಂದು ಹೇಳಿ ಒಳಗೆ ಹೋಗುತ್ತಾನೆ. ಹೆಂಡತಿಯ ಬಳಿ ಪ್ರವೇಶದ ಅನುಮತಿಪತ್ರವಿಲ್ಲ. ಹಿಂದಕ್ಕೆ ಹೋದರೆ ತನ್ನನ್ನು ಕೊಲ್ಲುತ್ತಾರೆಂದು ಅವಳು ಹೇಳುತ್ತಾಳೆ. ಕಥೆಯಾಗಿ ನೋಡಿದರೆ ಇದು ಸಾಮಾನ್ಯವಾದ ಸನ್ನಿವೇಶ. ಓದುಗನಾಗಿದ್ದರೆ ಅವಳನ್ನು ಬಿಡಬೇಕೆಂದು ನಾನು ಹಿಂದುಮುಂದು ನೋಡದೆ ಹೇಳುತ್ತಿದ್ದೆ. ಆದರೆ ಆ ದಿನ ನಾನು ಅವಸರದಲ್ಲಿ ಎರಡು ಪತ್ರಗಳ ತಾರೀಖುಗಳನ್ನು ತಪ್ಪಾಗಿ ಓದಿದ್ದೆ. ಎರಡು ಎಚ್ಚರಿಕೆಗಳೂ ಮುಗಿದಿದ್ದುವು. ಹಿಂದಿನ ರಾತ್ರಿ ಮನೆಯಲ್ಲಿ ಬೆಂಕಿ ಇರಲಿಲ್ಲ. ನಾನು ಅವಳನ್ನು ಹಿಂದಕ್ಕೆ ಕಳುಹಿಸಿದೆನು.

ಆ ಎರಡು ಎಚ್ಚರಿಕೆಗಳ ನಿಯಮವೇ ಈ ಕೃತಿಯ ಮರ್ಮವೆಂದು ನನಗೆ ತೋರುತ್ತದೆ. ಅಲ್ಲಿ ದಯೆಗೆ ದಿನಕ್ಕೆ ಎರಡು ಬಾರಿ ಮಾತ್ರ ಬೆಲೆಯಿಲ್ಲದ ಅವಕಾಶ. ಅದನ್ನು ಅಜಾಗರೂಕತೆಯೂ ತಿಂದುಹಾಕಬಹುದು. ಕರುಣೆ ತೋರಿಸಬೇಕೆಂಬವನು ಮೊದಲು ತಪ್ಪಿಲ್ಲದ ಗುಮಾಸ್ತನಾಗಬೇಕು. ತಪ್ಪಿಲ್ಲದ ಗುಮಾಸ್ತನಾಗುತ್ತಾಗುತ್ತ ಎದುರಿಗೆ ನಿಂತವರನ್ನು ನೋಡುವ ಕಣ್ಣು ಮಂಕಾಗುತ್ತದೆ. ದಬ್ಬಾಳಿಕೆಯ ರಾಜ್ಯವು ಒಳ್ಳೆಯವರನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬುದನ್ನು ಯಾವ ಪಾತ್ರವೂ ಇಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಸಂಬಳದ ಲೆಕ್ಕ ಹೇಳುತ್ತದೆ. ಕಥೆಯೋ ನಿಯಮವೋ ಎಂಬ ಪ್ರಶ್ನೆ ಇಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ. ಆ ಹೆಣ್ಣಿನ ಕಥೆಯಿಲ್ಲದಿದ್ದರೆ ನಿಯಮ ಬರಿಯ ಲೆಕ್ಕ. ನಿಯಮವಿಲ್ಲದಿದ್ದರೆ ಆ ಕಥೆ ಬರಿಯ ಕಣ್ಣೀರು.

ಇದರಿಂದ ಹೊಸ ಪ್ರಶ್ನೆಯೊಂದು ಹುಟ್ಟುತ್ತದೆ. ನಾಟಕವನ್ನು ನೋಡುವ ಸಹೃದಯನಲ್ಲಿ 'ಇದು ನನ್ನದು, ಇದು ಪರರದು' ಎಂಬ ಭೇದ ಅಳಿದು ಭಾವವು ಸಾಧಾರಣೀಕರಣವನ್ನು ಹೊಂದಿದಾಗ ರಸ ಸಿದ್ಧಿಸುತ್ತದೆಯೆಂದು ಅಭಿನವಗುಪ್ತನ ಮತ. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದನ್ನು ಆತನು ರಸವಿಘ್ನಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಈ ಆಟದಲ್ಲಾದರೋ ಆ ಹೆಣ್ಣನ್ನು ಹಿಂದಕ್ಕೆ ಕಳುಹಿಸಿದವನು ನಾನು. ನನಗಾದುದು ಶುದ್ಧವಾದ ಕರುಣವಲ್ಲ, ಪಶ್ಚಾತ್ತಾಪ. ಕೃತಿಯು ತನ್ನ ಪರಿಣಾಮವನ್ನು ಸಾಧಿಸಿದುದು ಶಾಸ್ತ್ರಕಾರನು ವಿಘ್ನವೆಂದ ಸ್ಥಳದಲ್ಲಿಯೇ. ಹಾಗಾದರೆ ಇದು ರಸವೆನಿಸದೆ? ಅಥವಾ ಆ ಪಶ್ಚಾತ್ತಾಪವೂ ಆಟದ ಚೌಕಟ್ಟಿನೊಳಗೆ ಒಂದು ಬಗೆಯ ಸಾಧಾರಣ್ಯವನ್ನು ಪಡೆಯುತ್ತದೆಯೆ? ಇದಕ್ಕೆ ಈಗಲೇ ನಿರ್ಣಯವನ್ನು ಹೇಳುವ ಧೈರ್ಯ ನನಗಿಲ್ಲ. ಆದರೆ ಇದು ಅಗಿಯಲು ಯೋಗ್ಯವಾದ ಪ್ರಶ್ನೆ. ನಮ್ಮ ಶಾಸ್ತ್ರವನ್ನು ಬಲ್ಲವರೇ ಕೇಳಬಹುದಾದ ಪ್ರಶ್ನೆ. ಕಲೆಯೋ ಅಲ್ಲವೋ ಎಂಬ ಕೂಗಿನಲ್ಲಿ ಇದು ಹುಟ್ಟುವಂತಿರಲಿಲ್ಲ.

೫

ಹಳಸಿದ ವಾದಗಳಿಂದ ಕಾಲಹರಣವಾಗುತ್ತದೆಯೆಂಬುದಷ್ಟೇ ಆಗಿದ್ದರೆ ಇಷ್ಟು ದೀರ್ಘವಾಗಿ ಬರೆಯಬೇಕಾಗಿರಲಿಲ್ಲ. ಇದರಿಂದ ಬೇರೊಂದು ಹಾನಿಯುಂಟು. ನಾವು ಜಾತಿಯನ್ನು ಕುರಿತು ವಾದಿಸುತ್ತಿರುವಾಗ ವ್ಯಕ್ತಿಗಳು ನಾಶವಾಗುತ್ತಿವೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕೆ ಮೊದಲು ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ಶೇಕಡ ೮೭ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಅವುಗಳನ್ನು ಆಡಿಸುತ್ತಿದ್ದ ಯಂತ್ರಗಳು ಕೆಡುತ್ತಿವೆ. ಸಂಶೋಧಕರು ದೂರದಿಂದಲೇ ಗ್ರಂಥಾಲಯಗಳ ಪ್ರತಿಗಳನ್ನು ಆಡಿನೋಡಲು ಅವಕಾಶ ಬೇಕೆಂಬ ಕೋರಿಕೆಯನ್ನು ೨೦೨೪ರಲ್ಲಿ ಅಲ್ಲಿನ ಕೃತಿಸ್ವಾಮ್ಯದ ಅಧಿಕಾರಿಗಳು ನಿರಾಕರಿಸಿದರು. ಕೆಲವು ಆಟಗಳು ಸಂಸ್ಥೆಯ ದೂರದ ಯಂತ್ರಗಳ ಬೆಂಬಲವಿಲ್ಲದೆ ನಡೆಯುವುದೇ ಇಲ್ಲ. ೨೦೧೪ರ 'ದಿ ಕ್ರ್ಯೂ' ಎಂಬ ಆಟಕ್ಕೆ ಆ ಬೆಂಬಲ ೨೦೨೪ರ ಮಾರ್ಚ್ ೩೧ರಂದು ನಿಂತಿತು. ಹಣ ಕೊಟ್ಟು ಕೊಂಡಿದ್ದವರೂ ಅದನ್ನು ಆಡಲಾರದವರಾದರು.

ಇಂಥ ನಷ್ಟದ ಅರ್ಥವನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲ‍ೋಚನ' ೧೯೩೪ರಲ್ಲಿ ತೆರೆಕಂಡಿತು. ಅದರ ಪ್ರತಿ ಉಳಿದಿಲ್ಲ. ಸಿನಿಮಾವನ್ನು ಕುರಿತು ಅಭಿಪ್ರಾಯ ಹೇಳುವವರಿಗೆ ಅಂದೂ ಕೊರತೆಯಿರಲಿಲ್ಲ. ಅಭಿಪ್ರಾಯಗಳು ಉಳಿದುವು, ಚಿತ್ರ ಹೋಯಿತು. ಚಿತ್ರವಿಲ್ಲದ ಮೇಲೆ ಅದನ್ನು ಕುರಿತ ಮಾತೆಲ್ಲ ಅನಿವಾರ್ಯವಾಗಿ ಚರ್ವಿತಚರ್ವಣ. ಆಟಗಳ ವಿಷಯದಲ್ಲಿ ಆ ಸ್ಥಿತಿ ನಮ್ಮ ಕಾಲದಲ್ಲಿಯೇ ಬರುತ್ತಿದೆ. ಒಂದು ಆಟವನ್ನು ಗಮನವಿಟ್ಟು ಆಡಿ, ಅದರ ನಿಯಮ ಇಂಥದು, ಆಡುವವನಿಗೆ ಆಗುವ ಅನುಭವ ಇಂಥದು ಎಂದು ಬರೆದಿಟ್ಟ ನಾಲ್ಕು ಪುಟಗಳು ಮುಂದೆ ಒಂದು ದಿನ ಆ ಕೃತಿಯ ಏಕಮಾತ್ರ ಶಾಸನವಾಗಬಹುದು.

ಈ ಕ್ಷೇತ್ರದಲ್ಲಿ ಕೆಲಸಮಾಡಬೇಕೆಂಬ ವಿದ್ಯಾರ್ಥಿಗಳಿಗೆ ಮೂರು ಸೂಚನೆಗಳನ್ನು ಕೊಡಬಹುದು. ಮೊದಲನೆಯದಾಗಿ, ಯಾವ ಆಟವನ್ನು, ಯಾವ ಆವೃತ್ತಿಯಲ್ಲಿ, ಯಾವ ಯಂತ್ರದಲ್ಲಿ, ಎಲ್ಲಿಯವರೆಗೆ ಆಡಿದೆವೆಂಬುದನ್ನು ಪಾಠಾಂತರಗಳನ್ನು ಗುರುತಿಸುವಷ್ಟೇ ಶ್ರದ್ಧೆಯಿಂದ ಗುರುತಿಸಬೇಕು. ಎರಡನೆಯದಾಗಿ, ಕಥಾಸಾರವನ್ನು ಹೇಳುವ ಮೊದಲು ನಿಯಮಸಾರವನ್ನು ಹೇಳಬೇಕು. ಮೂರನೆಯದಾಗಿ, ಇನ್ನೊಂದು ಪಕ್ಷದ ಮಾತನ್ನು ಅದರ ಬಲದೊಡನೆ ಹೇಳಲಾಗದಿದ್ದರೆ ಆ ವಾದಕ್ಕೆ ಕೈಹಾಕಬಾರದು. ಅಧ್ಯಾಪಕರಿಗೆ ಹೇಳಬೇಕಾದುದು ಒಂದೇ. ವಿದ್ಯಾರ್ಥಿಯೊಬ್ಬನು ನಾವು ಕಾಣದ ಕೃತಿಯೊಂದನ್ನು ಕುರಿತು ಪ್ರಬಂಧ ಓದಿದಾಗ, ಅದು ಕಲೆಯೇ ಎಂದು ಕೇಳುವ ಮೊದಲು, ಅದನ್ನು ಆಡುವುದು ಹೇಗೆ ಎಂದು ಅವನನ್ನು ಕೇಳಬೇಕು. ಕಳೆದ ವರ್ಷ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು.